ಕೊಕ್ಕೆ ಗುರುತಿನ ಬೀಗ

ನಮ್ಮ ಮನೆಯಲ್ಲಿ ಫೋನಿಗೆ ಒಡೆಯರಿಲ್ಲ. ಕುಡಿಯುವ ನೀರಿನ ಕೊಡ ಇದ್ದ ಹಾಗೆ ಅದು, ಬಾಯಾರಿದವರು ಬಗ್ಗಿಸಿಕೊಳ್ಳುತ್ತಾರೆ. ನಾನು ಬೀದರಿನಲ್ಲಿ ಔರಾದ್ ಬಸ್ಸು ಹತ್ತಿ, ಸಂತಪುರದಲ್ಲಿ ಇಳಿದು, ಸಿಕ್ಕ ಆಟೋದಲ್ಲಿ ಊರು ಮುಟ್ಟುವಷ್ಟರಲ್ಲಿ ಅಪ್ಪ ಅಂಗಳದಲ್ಲಿ ಕೈ ಚಾಚಿ ನಿಂತಿರುತ್ತಾನೆ. ಮಗಳ ಚೀಲ ಇಸಿದುಕೊಳ್ಳಲು ನಿಂತಿದ್ದಾನೆ ಎಂದು ಹೊಸಬರು ತಿಳಿಯಬಹುದು. ಅವನಿಗೆ ಬೇಕಿರುವುದು ಫೋನು. ಯಾವ ಊರಿನ ಸಂತೆಯಲ್ಲಿ ಎಂಥ ಟಗರು ಬಂದಿದೆ ಎಂಬ ವಿಡಿಯೋ ನೋಡಬೇಕು. ಅವನ ಕೈಯಿಂದ ಅವ್ವ ಕಸಿದುಕೊಂಡು ಅಕ್ಕನಿಗೆ ವಿಡಿಯೋ ಕಾಲ್ ಹಚ್ಚುತ್ತಾಳೆ. ಅವ್ವನದು ಮುಗಿದರೆ ಪಕ್ಕದ ಮನೆಯಾಕೆ ಹೊಸ ಸೀರೆ ಉಟ್ಟುಕೊಂಡು ಫೋಟೋ ತೆಗೆಸಿಕೊಳ್ಳಲು ಬಂದು ಕೂತಿರುತ್ತಾಳೆ. ಬಸ್ಸಿನ ದಾರಿಯಲ್ಲಿ ಎಷ್ಟು ನೋಡಿಕೊಂಡೆನೋ ಅಷ್ಟೇ ನನ್ನ ಪಾಲು.

ಇಂಥ ಮನೆಯಲ್ಲಿ ಪೂರ್ತಿ ಫೋನಿಗೆ ಬೀಗ ಹಾಕುವುದೆಂದರೆ ಜಗಳಕ್ಕೆ ಕರೆ ಕೊಟ್ಟಂತೆ. ಒಂದು ಸಲ ಹಾಕಿ ನೋಡಿದ್ದೆ. "ತಗಿ, ತಗಿ" ಎಂದು ಮೂವರೂ ಬೆನ್ನು ಬಿದ್ದು ನನಗೆ ಒಂದು ತುತ್ತು ಊಟ ಮಾಡಲು ಬಿಡಲಿಲ್ಲ. ಆವತ್ತೇ ತೆಗೆದುಹಾಕಿದೆ.

ಅಂಥ ಫೋನಿನಲ್ಲಿ ನಾನು ಅಕ್ಕನ ಜೀವ ಇಟ್ಟುಕೊಂಡು ಓಡಾಡಬೇಕಾಯಿತು.

ಅಕ್ಕನನ್ನು ಕೊಟ್ಟಿದ್ದು ಭಾಲ್ಕಿ ದಾಟಿ ಸಾಯಗಾಂವ ಕಡೆಯ ಒಂದು ಊರಿಗೆ. ನಮ್ಮಂತೆ ಕುರಿ ಸಾಕುವ, ಒಣಭೂಮಿ ಉಳುವ ಮನೆತನ. ಸಂಬಂಧ ಅಪ್ಪನೇ ನೋಡಿದ್ದು. ಭಾವ ಬೆಳ್ಳಗಿನ ಅಂಗಿ, ಬಾಯ್ತುಂಬ ಮಾತು, ಯಾರ ಮನೆಗೆ ಹೋದರೂ ಮೊದಲು ಹಿರಿಯರ ಕಾಲು ಮುಟ್ಟುವವನು. "ಅಳಿಯ ಅಂದ್ರ ಹಿಂಗ ಇರಬೇಕು" ಎಂದು ಊರಿನವರು ಹೊಗಳಿದಾಗ ಅಪ್ಪ ಮೀಸೆ ತಿರುವುತ್ತಿದ್ದ. ಈಗ ನೆನೆದರೆ ಮೈ ಉರಿಯುತ್ತದೆ.

ನಾನು ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ನೌಬಾದದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಸಲೈನ್ ಬಾಟಲಿ ಬದಲಿಸುತ್ತಿದ್ದಾಗ ಅಕ್ಕನಿಂದ ಒಂದು ಫೋಟೋ ಬಂತು. ಒಂದು ತೋಳು. ಮೊಣಕೈ ಮೇಲೆ ನೀಲಿಗಟ್ಟಿದ ಗುರುತುಗಳು. ಬಿದ್ದರೆ ಆಗುವ ಗಾಯ ಯಾವುದು, ಬೆರಳು ಒತ್ತಿ ಹಿಡಿದರೆ ಆಗುವ ಗಾಯ ಯಾವುದು ಎಂದು ದಿನವೂ ನೋಡುವ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೋಟೋದ ಹಿಂದೆಯೇ ಅವಳ ದನಿ ಬಂತು, ಪಿಸುಮಾತಿನಲ್ಲಿ.

"ನಿನ್ನ ಹಂತ್ಯಾಕ ಉಳಸ್ಕೋ. ನಾ ಇಲ್ಲಿ ಅಳಸ್ತೇನಿ. ಅಪ್ಪಗ ತೋರಸಬ್ಯಾಡ. ಯಾರಿಗೂ ತೋರಸಬ್ಯಾಡ."

ಭಾವ ಹೊಲಕ್ಕೆ ಹೋದ ಹೊತ್ತು ನೋಡಿ ಫೋನ್ ಮಾಡಿದೆ. ಮೊದಲು ಅವಳು ಅತ್ತಳು, ಆಮೇಲೆ ನಾನು ಕೂಗಾಡಿದೆ. ಇವತ್ತೇ ಬಸ್ಸು ಹತ್ತು ಎಂದೆ. ಅವಳು ನನಗಿಂತ ತಣ್ಣಗೆ ಯೋಚಿಸಿದ್ದಳು.

"ಇವತ್ತ ಬಂದ್ರ ನಾಳಿ ನಾಕ ಮಂದಿ ಕೂಡಿ, ಬುದ್ಧಿ ಹೇಳಿ, ಹೊಳ್ಳಿ ಇಲ್ಲೇ ತಂದ ಬಿಡ್ತಾರ. ಅವನ ಮಾರಿ ನೋಡಿದವರು ಯಾರೂ ನನ್ನ ಮಾತ ನಂಬಲ್ಲ. ಮೊದಲ ಎಲ್ಲಾ ಪಕ್ಕಾ ಆಗ್ಲಿ. ನಾ ಹೇಳಿದಾಗ ತಗೀಯಂತಿ."

ಆಮೇಲಿನ ದಿನಗಳಲ್ಲಿ ಮತ್ತಷ್ಟು ಫೋಟೋ ಬಂದವು. ಬೆನ್ನಿನದು, ತೊಡೆಯದು. ತಂಗಿಗೂ ತೋರಿಸಲು ನಾಚುವ ಜಾಗಗಳು. ಒಂದು ವಿಡಿಯೋವೂ ಬಂತು. ರೊಟ್ಟಿ ಬಡಿಯುವಾಗ ಅವಳು ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲಾಗಿ ಇಟ್ಟು ಚಾಲೂ ಮಾಡಿದ್ದಳು. ಪರದೆ ಪೂರ್ತಿ ಕಪ್ಪು, ಕೇಳುವುದು ಬರೀ ದನಿ. ಭಾವ ಪ್ರತಿ ಸಂಜೆ ಅವಳ ಫೋನು ತಪಾಸಣೆ ಮಾಡುತ್ತಿದ್ದ. ಯಾರಿಗೆ ಮಾತಾಡಿದೆ, ಏನು ಕಳಿಸಿದೆ. ಅವಳು ಕಳಿಸಿದ ಕೂಡಲೇ ಅಳಿಸುತ್ತಿದ್ದಳು. ಹಾಗಾಗಿ ಅವಳ ಮಾತಿಗೆ ಸಾಕ್ಷಿ ಅಂತ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ಅದು ಭಾವನ ಕಣ್ಣಿಗೆ ಬಿದ್ದರೆ ಸಾಕ್ಷಿಯೂ ಹೋಗುತ್ತದೆ, ಅವಳೂ ಉಳಿಯುವುದಿಲ್ಲ. ಇಷ್ಟು ನನಗೆ ಸ್ಪಷ್ಟ ಇತ್ತು.

ಜೊತೆಗೆ ಕೆಲಸ ಮಾಡುವ ಹಿರಿಯ ನರ್ಸ್ ಒಬ್ಬರು ನನ್ನ ಪೇಚಾಟ ನೋಡಿ ದಾರಿ ತೋರಿಸಿದರು. ಅವರಿಗೆ ಒಳಗಿನ ವಿಷಯ ಗೊತ್ತಿಲ್ಲ, ಕೇಳಲೂ ಇಲ್ಲ.

"ಪೂರಾ ಫೋನಿಗಿ ಯಾಕ ಹಾಕ್ತಿ? ಬ್ಯಾಡಾದವರು ನೋಡಬಾರದು ಅಂದಿದ್ದಕ್ಕಷ್ಟ ಹಾಕು. ನಮ್ಮ ಮನ್ಯಾಗ ಮಕ್ಕಳು ಆಟ ಆಡ್ತಾವಂತ ನಾ ಬ್ಯಾಂಕಿಂದು ಬಂದ್ ಮಾಡೀನಿ. ಉಳದದ್ದು ಏನರೆ ಮಾಡ್ಕೋಲಿ."

ಸೆಟ್ಟಿಂಗಿನೊಳಗೆ ಹೋಗಿ, ಒಂದೊಂದು ಆ್ಯಪಿನ ಮುಂದೆ ಇರುವ ಗುಂಡಿ ಒತ್ತಿದರೆ ಮುಗಿಯಿತು. ಗ್ಯಾಲರಿಗೆ ಒತ್ತಿದೆ, ಮೆಸೇಜಿನದಕ್ಕೂ ಒತ್ತಿದೆ. ಬೆರಳಚ್ಚು ಇಡಲೇ ಎಂದು ಅದು ಕೇಳಿತು, ಬೇಡ ಅಂದೆ. ಪಾಳಿ ಮುಗಿಸಿ ಬಂದರೆ ನಾನು ಹೆಣದಂತೆ ಮಲಗುವವಳು. ಮಲಗಿದವಳ ಬೆರಳು ಹಿಡಿದು ಒತ್ತಲು ನಮ್ಮವ್ವ ಹಿಂದೆಮುಂದೆ ನೋಡುವವಳಲ್ಲ. ಒಂಬತ್ತು ಚುಕ್ಕಿಗಳ ಮೇಲೆ ಗೆರೆ ಎಳೆಯುವ ಬೀಗ ಆರಿಸಿಕೊಂಡೆ.

ಏನು ಎಳೆಯುವುದು? ಕೈಗೆ ತಾನಾಗಿಯೇ ಬಂದದ್ದು ಕೊಕ್ಕೆ. ಮೇಲಿಂದ ಕೆಳಕ್ಕೆ ಒಂದು ಗೆರೆ, ಅಲ್ಲಿಂದ ಬಲಕ್ಕೆ ತಿರುಗಿ, ತುದಿಯಲ್ಲಿ ತುಸು ಮೇಲಕ್ಕೆ. ಅದು ನಮ್ಮ ಮನೆತನದ ಕುರಿ ಗುರುತು. ಉಣ್ಣೆ ಕತ್ತರಿಸಿದ ಮೇಲೆ ಪ್ರತಿ ಕುರಿಯ ಬೆನ್ನಿಗೂ ಅಪ್ಪ ಕೆಂಪು ಬಣ್ಣದಲ್ಲಿ ಈ ಕೊಕ್ಕೆ ಎಳೆಯುತ್ತಾನೆ. ನಾಲ್ಕು ಮನೆಯ ಕುರಿ ಒಂದೇ ಬೀಳಿನಲ್ಲಿ ಬೆರೆತರೂ ನಮ್ಮವು ಯಾವುವು ಎಂದು ದೂರದಿಂದಲೇ ತಿಳಿಯಬೇಕು. ಕುಂಚ ಎತ್ತದೆ ಒಂದೇ ಸಲ ಎಳೆಯಬೇಕು, ಎತ್ತಿದರೆ ಬಣ್ಣ ಸೋರಿ ಗುರುತು ಕೆಡುತ್ತದೆ. ಫೋನೂ ಅದನ್ನೇ ಹೇಳುತ್ತಿತ್ತು, ಬೆರಳು ಎತ್ತಬೇಡ ಎಂದು. ಎಂಥ ಜಾಣೆ ನಾನು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಇದನ್ನು ಯಾರು ಊಹಿಸುತ್ತಾರೆ? ದವಾಖಾನೆಯಲ್ಲಿ ಕೂತು ಹಾಗೆ ಅನ್ನಿಸುವುದು ಸಹಜ. ಅಲ್ಲಿ ಕುರಿಗಳಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಚುಕ್ಕಿಗಳನ್ನು ಮೊದಲು ಕಂಡವಳು ಅವ್ವ.

"ಇದೇನ ಬಂತ ಫೋನಿಗಿ? ಸಿಡುಬು ಎದ್ದಂಗ ಆಗ್ಯಾದ."

"ದವಾಖಾನಿ ಫೋಟೋ ಅವ ಅವ್ವ. ಪೇಶಂಟರದು. ಯಾರಿಗೂ ತೋರಸಬಾರದಂತ ಹುಕುಂ ಅದ."

ಅವ್ವ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಓದು ಬಾರದು, ಮುಖ ಓದಲು ಬರುತ್ತದೆ. "ಯಾವ ಊರಾಂವ ಅವ?" ಎಂದಳು. ಮದುವೆಯಾಗದ ಮಗಳ ಫೋನಿಗೆ ಬೀಗ ಬಿದ್ದರೆ ತಾಯಿಗೆ ಬರುವ ಯೋಚನೆ ಒಂದೇ. ಇಲ್ಲ ಅಂದರೆ ನಂಬುವುದಿಲ್ಲ, ನಿಜ ಹೇಳಲು ಬಾಯಿಲ್ಲ. ಆ ಸಲ ನಾನು ಇದ್ದಷ್ಟು ದಿನವೂ ಅವಳು ನನ್ನ ತಟ್ಟೆಗೆ ಅನ್ನ ಬಡಿಸುವಾಗ ಸೌಟಿನ ಸದ್ದು ಜೋರಾಗಿತ್ತು.

ದೀಪಾವಳಿ ಮುಗಿದು, ಸೋಯಾ ರಾಶಿ ಮನೆ ಸೇರಿ, ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮಲ್ಲಿ ಉಣ್ಣೆ ಕತ್ತರಿಸುತ್ತಾರೆ. ಅಕ್ಕಪಕ್ಕದ ಕುರಿ ಮನೆಗಳ ಗಂಡಸರು ಕತ್ತರಿ ಹಿಡಿದು ಬರುತ್ತಾರೆ. ಇವತ್ತು ನಮ್ಮದು, ನಾಳೆ ಅವರದು. ಅಕ್ಕನ ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಕುರಿ ಕೊಟ್ಟಿದ್ದ. ಹಾಗೆ ಕೊಟ್ಟ ಕುರಿಗಳ ಬೆನ್ನಿಗೆ ತವರಿನ ಗುರುತೇ ಇರಬೇಕು, ಅದನ್ನು ತವರಿನವರೇ ಎಳೆಯಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅವುಗಳ ಮರಿಗಳಿಗೆ ಮಾತ್ರ ಗಂಡನ ಮನೆಯ ಗುರುತು. ಹಾಗಾಗಿ ಭಾವ ವರ್ಷಕ್ಕೊಮ್ಮೆ ಆ ಕುರಿಗಳನ್ನು ಟೆಂಪೋದಲ್ಲಿ ತುಂಬಿಕೊಂಡು ಅಕ್ಕನ ಜೊತೆ ಬರುತ್ತಿದ್ದ.

ಆ ವರ್ಷವೂ ಬಂದ. ಟೆಂಪೋದಿಂದ ಇಳಿದು ಅಪ್ಪನ ಕಾಲು ಮುಟ್ಟಿದ, ಅವ್ವನ ಕೈಗೆ ಪೇಡೆಯ ಪೊಟ್ಟಣ ಕೊಟ್ಟ. ಹಿಂದೆ ಅಕ್ಕ ಇಳಿದಳು. ನೆತ್ತಿ ಸುಡುವ ಬಿಸಿಲಿನಲ್ಲಿ ಮುಂಗೈವರೆಗೆ ತುಂಬುತೋಳಿನ ಕುಪ್ಪಸ. "ಈಗ ಇದೇ ಫ್ಯಾಶನ್ ಏನ?" ಎಂದು ಅವ್ವ ಬಟ್ಟೆ ಮುಟ್ಟಿ ನೋಡಿದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕಳು. ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದು ನಮ್ಮಿಬ್ಬರ ಒಪ್ಪಂದದಂತೆ ಆಗಿಬಿಟ್ಟಿತ್ತು.

ಬೇವಿನ ನೆರಳಿನಲ್ಲಿ ಕತ್ತರಿಗಳ ಸದ್ದು ಶುರುವಾಯಿತು. ಅಕ್ಕ ಚಿಕ್ಕಂದಿನಿಂದಲೂ ಮಾಡಿದ ಕೆಲಸಕ್ಕೇ ಕೂತಳು. ಎಡಗೈಯಲ್ಲಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಕುರಿಯ ಕಾಲು. ಅವಳು ಹಿಡಿದ ಕುರಿ ಮಿಸುಕುವುದಿಲ್ಲ ಎಂದು ಅಪ್ಪನಿಗೆ ಹೆಮ್ಮೆ. ಮೊದಲು ನಮ್ಮ ಹಟ್ಟಿಯ ಕುರಿಗಳು. ಅಪ್ಪ ಕುಂಚ ಅದ್ದಿ ಒಂದೊಂದರ ಬೆನ್ನಿಗೂ ಕೊಕ್ಕೆ ಎಳೆದು ಬಿಡುತ್ತಿದ್ದ. ಭಾವ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಮಾವಾರ, ನನ್ನ ಫೋನ್ ಚಾರ್ಜ್ ಖಲಾಸ್ ಆಗ್ಯಾದ. ಟೆಂಪೋದಾಂವಗ ಒಂದ ಮಾತ ಹೇಳಬೇಕಿತ್ತು."

"ಅಲ್ಲೇ ಅದ ನೋಡ್ರಿ ಸಣ್ಣಾಕಿದು, ತಗೋರಿ," ಎಂದ ಅಪ್ಪ.

ಹೊರಸಿನ ಮೇಲೆ ಅಪ್ಪ ಟಗರು ನೋಡಿ ಬಿಟ್ಟ ಫೋನು ಇತ್ತು. ನಾನು ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬರುವಷ್ಟರಲ್ಲಿ ಅದು ಭಾವನ ಕಿವಿಯ ಹತ್ತಿರ ಇತ್ತು. ಮಾತಾಡಿ ಕೊಟ್ಟುಬಿಡುತ್ತಾನೆ ಎಂದು ಪಕ್ಕದಲ್ಲೇ ನಿಂತೆ. ಕೊಡಲಿಲ್ಲ. ಬೋಳಾದ ಕುರಿಗಳದು ಒಂದು ಫೋಟೋ ತೆಗೆದ. ತೆಗೆದದ್ದು ಹೇಗೆ ಬಂದಿದೆ ಎಂದು ನೋಡಲು ಬೆರಳು ಇಟ್ಟ. ಒಂಬತ್ತು ಚುಕ್ಕಿಗಳು ಎದ್ದವು.

"ಏನಿದು ಡಾಕ್ಟರಬಾಯಿ? ನಾ ತಗದ ಫೋಟೋ ನನಗೇ ನೋಡ್ಲಾಕ ಬಿಡವಲ್ದು." ನನ್ನನ್ನು ಅವನು ಹಾಗೇ ಕರೆಯುತ್ತಿದ್ದ, ನಗಿಸಲು.

"ದವಾಖಾನಿದು ಅವರಿ ಭಾವಾರ. ಕೊಡ್ರಿ ಇಲ್ಲಿ, ನಾ ತೋರಸ್ತೇನಿ."

"ನನಗ ಬಿ ಹಂಗೇ ಹೇಳ್ಯಾಳ," ಎಂದು ಅವ್ವ ಹೊಸ್ತಿಲಲ್ಲಿ ನಿಂತು ಸೇರಿಸಿದಳು. "ನಂಬಲಾಕ ನಾ ಏನ ಹುಚ್ಚಿ?"

ಭಾವನ ಮುಖ ಅರಳಿತು. ಅವನಿಗೆ ಒಂದು ಆಟ ಸಿಕ್ಕಿತ್ತು. "ಮಾವಾರ, ಹರೇದ ಹುಡುಗಿ ಫೋನಿಗಿ ಬೀಗ ಅಂದ್ರ, ಒಳಗ ಯಾವನಾರೆ ಇರಬೇಕ ನೋಡ್ರಿ."

ಕತ್ತರಿ ಹಿಡಿದವರು ನಕ್ಕರು. ಅಪ್ಪ ನಗಲಿಲ್ಲ. ಭಾವನ ಮಾತು ಸುಳ್ಳೇನೂ ಆಗಿರಲಿಲ್ಲ. ಒಳಗೆ ಒಬ್ಬ ಗಂಡಸು ಇದ್ದ, ಆ ಗಂಡಸು ಹೊರಸಿನ ಮೇಲೆ ಕೂತು ಹಲ್ಲು ಕಿಸಿಯುತ್ತಿದ್ದ.

ಅವನು ಚುಕ್ಕಿಗಳ ಮೇಲೆ ಬೆರಳಾಡಿಸಿದ. ಅಡ್ಡ ಗೆರೆ. ಫೋನು ಗುರ್ ಎಂದು ನಡುಗಿತು, ತೆರೆಯಲಿಲ್ಲ. ಓರೆ ಗೆರೆ. ಮತ್ತೆ ನಡುಗಿತು. "ಹುಡಿಗ್ಯಾರದು ಭಾಳ ಸರಳ ಇರ್ತದ, ತಡೀರಿ" ಎಂದ. ಆಗಲೇ ನನ್ನ ಕಣ್ಣು ಅವನ ಮುಂದೆ ಇದ್ದ ಕುರಿಯ ಮೇಲೆ ಬಿತ್ತು. ಅದರ ಬೆನ್ನ ಮೇಲೆ ಹಸಿ ಕೊಕ್ಕೆ ಬಿಸಿಲಿಗೆ ಮಿನುಗುತ್ತಿತ್ತು. ಅದರ ಆಚೆ ಇನ್ನೊಂದು ಕುರಿ, ಇನ್ನೊಂದು ಕೊಕ್ಕೆ. ಅಂಗಳದ ತುಂಬ ನನ್ನ ಬೀಗದ ಕೀಲಿಕೈ ನಾಲ್ಕು ಕಾಲಿನ ಮೇಲೆ ಓಡಾಡುತ್ತಿತ್ತು. ಅವನು ಒಮ್ಮೆ ತಲೆ ಎತ್ತಿದರೆ ಸಾಕು. ಅವನ ಸ್ವಂತ ಹಟ್ಟಿಯಲ್ಲೂ ಅದೇ ಗುರುತಿನ ಕುರಿಗಳು ದಿನಾ ಅವನ ಮುಂದೆ ಮೇಯುತ್ತವೆ.

ತಂಬಿಗೆ ಇಟ್ಟು ಫೋನಿಗೆ ಕೈ ಹಾಕಿದೆ. ಅವನು ಕೈ ಮೇಲೆತ್ತಿದ.

"ಇಷ್ಟ ಹೆದರ್ಲಾಕತ್ತಾಳ ಅಂದ್ರ ಖರೇನ ಏನೋ ಅದರಿ ಮಾವಾರ."

ಮತ್ತೊಂದು ಗೆರೆ, ಅದೂ ತಪ್ಪು. ಸ್ವಲ್ಪ ಹೊತ್ತು ಕಾಯಿರಿ ಎಂದು ಫೋನು ಹೇಳಿತು. ಅವನು ಕಾಯುತ್ತಾ ಅಂಗಳವನ್ನು ನೋಡತೊಡಗಿದ. ಕುರಿಗಳನ್ನು ನೋಡಿದ, ಮರ ನೋಡಿದ, ಮತ್ತೆ ಕುರಿಗಳನ್ನು ನೋಡಿದ.

"ತಗಿ," ಎಂದ ಅಪ್ಪ ನನಗೆ. ಕುಂಚ ಕೈಯಲ್ಲೇ ಇತ್ತು. "ತಗದು ತೋರಿಸಿ ಬಿಡು. ಹತ್ತ ಮಂದ್ಯಾಗ ನನ್ನ ಮಗಳ ಮ್ಯಾಲ ಮಾತ್ ಯಾಕ?"

"ತಗ್ಯಲ್ಲ."

ಅಪ್ಪನಿಗೆ ಜನರ ಮುಂದೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅವನ ದನಿ ಏರಲಿಲ್ಲ, ಇಳಿಯಿತು. "ಯಾಕ?"

"ಅದು ನಂದಲ್ಲ."

ಬಾಯಿಂದ ಜಾರಿದ ಮೇಲೆ ತಿಳಿಯಿತು ಏನು ಹೇಳಿದೆ ಎಂದು. ನಾಲಿಗೆ ಕಚ್ಚಿಕೊಂಡೆ. ಅಕ್ಕನ ಕಡೆ ನೋಡಬಾರದು, ನೋಡಬಾರದು ಎಂದು ನೆಲ ನೋಡುತ್ತಾ ನಿಂತೆ. ಅಷ್ಟರಲ್ಲಿ ಅಕ್ಕ ಹಿಡಿದಿದ್ದ ಕುರಿ ಒದ್ದುಕೊಂಡು ಎದ್ದು, ಅವಳ ಕೈ ತಪ್ಪಿಸಿ, ಬೆನ್ನ ಮೇಲೆ ಅರ್ಧ ಎಳೆದ ಗುರುತು ಹೊತ್ತು ಅಂಗಳ ದಾಟಿ ಓಡಿತು. ಬಣ್ಣದ ಡಬ್ಬಿ ಉರುಳಿ ಅಕ್ಕನ ಕೈ ಕೆಂಪಾಯಿತು.

ಅಪ್ಪ ಓಡಿದ ಕುರಿಯನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಅವಳ ಕೈಯಿಂದ ಕುರಿ ತಪ್ಪಿಸಿಕೊಂಡದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಬಿಸಿಲಿನಲ್ಲಿ ಮುಂಗೈವರೆಗೆ ಮುಚ್ಚಿದ ಕುಪ್ಪಸವನ್ನು ಅವನು ಆಗಷ್ಟೇ ಕಂಡ ಹಾಗೆ ನೋಡಿದ. ಹೊರಸಿನ ಹತ್ತಿರ ಹೋಗಿ ಅಳಿಯನ ಕೈಯಿಂದ ಫೋನು ತೆಗೆದುಕೊಂಡ. "ಕೊಡ್ರಿ ಜರಾ." ಭಾವ ಕೊಟ್ಟ. ಮಾವ ನನಗೆ ಬೈಯಲು ಹೊರಟಿದ್ದಾನೆ ಎಂದುಕೊಂಡಿರಬೇಕು.

ಅಪ್ಪ ನನ್ನ ಹತ್ತಿರ ಬರಲಿಲ್ಲ. ಅಕ್ಕನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮತ್ತೆ ಮೂಡಿದ್ದ ಚುಕ್ಕಿಗಳು ಕಾಣುವಂತೆ ಫೋನು ಹಿಡಿದ.

"ಇದು ನಿಂದಾ?"

ಅಕ್ಕ ಉರುಳಿದ ಡಬ್ಬಿಯನ್ನು ಎತ್ತಿ ನೆಟ್ಟಗೆ ಇಟ್ಟಳು.

"ಬ್ಯಾಡ ಅಂದ್ರ ಹಿಂಗೇ ಬಂದ್ ಇರ್ಲಿ. ಯಾರಿಗೂ ಮುಟ್ಟಲಾಕ ಬಿಡಲ್ಲ. ನಾ ಬಿ ಮುಟ್ಟಲ್ಲ. ನೀ ಹೇಳು."

ಅಪ್ಪನ ಮೇಲೆ ನನಗೆ ಇದ್ದ ಸಿಟ್ಟೆಲ್ಲಾ, ಈ ಸಂಬಂಧ ನೋಡಿದ ಸಿಟ್ಟು, ಮೀಸೆ ತಿರುವಿದ ಸಿಟ್ಟು, ಆ ಒಂದು ಮಾತಿನಲ್ಲಿ ಇಳಿದುಹೋಯಿತು. ನಾನು ಅಳುತ್ತಿದ್ದೆ. ಭಾವನ ದನಿ ಬದಲಾಯಿತು.

"ಅಕಿಗೇನ ಕೇಳ್ತೀರಿ ಇದರಾಗ? ಏ, ಕೈ ತೊಳಕೊಂಡು ಒಳಗ ನಡಿ."

ಅಕ್ಕ ಒಳಗೆ ನಡೆಯಲಿಲ್ಲ. ಫೋನನ್ನೇ ನೋಡುತ್ತಿದ್ದಳು. ಆ ಬೀಗ ಏನೆಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಬಣ್ಣ ಮೆತ್ತಿದ ಬೆರಳನ್ನು ಮೇಲಿನ ಚುಕ್ಕಿಯ ಮೇಲೆ ಇಟ್ಟಳು. ಕೆಳಕ್ಕೆ, ಬಲಕ್ಕೆ, ತುಸು ಮೇಲಕ್ಕೆ. ಗಾಜಿನ ಮೇಲೆ ಕೆಂಪು ಕೊಕ್ಕೆ ಮೂಡಿತು, ಬೀಗ ತೆರೆಯಿತು. ಒಂದೇ ಸಲಕ್ಕೆ. ವರ್ಷಗಟ್ಟಲೆ ಆ ಗುರುತಿನ ಕುರಿ ಕಾಯ್ದವನಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಪರದೆಯನ್ನು ಅವಳು ತಕ್ಷಣ ಎದೆಗೆ ಒತ್ತಿಕೊಂಡಳು. ಅಪ್ಪ ಮುಖ ಆಚೆ ತಿರುಗಿಸಿದ. ತಲೆ ಬಗ್ಗಿಸಿ ಅವಳೊಬ್ಬಳೇ ಹುಡುಕಿದಳು. ಫೋಟೋಗಳನ್ನು ಯಾರಿಗೂ ತೋರಿಸಲಿಲ್ಲ. ಆ ಕಪ್ಪು ವಿಡಿಯೋ ಹಚ್ಚಿ, ದನಿ ಪೂರ್ತಿ ಏರಿಸಿ, ಬೋರಲು ಬಿದ್ದ ಬುಟ್ಟಿಯ ಮೇಲೆ ಫೋನು ಇಟ್ಟಳು.

ಮೊದಲು ರೊಟ್ಟಿ ಬಡಿಯುವ ಸದ್ದು. ತಪ್, ತಪ್, ತಪ್. ಆಮೇಲೆ ಭಾವನ ದನಿ, ನಮ್ಮ ಅಂಗಳದಲ್ಲಿ ಯಾರೂ ಕೇಳಿರದ ದನಿ.

"ಬಾಯಿ ಬಿಚ್ಚಿ ನೋಡು ತವರಮನ್ಯಾಗ. ನಿಮ್ಮಪ್ಪ ಕುರಿ ಕೊಟ್ಟಾನ, ಕುರಿ ಜೋಡಿ ನಿನ್ನ ಬಿ ಕೊಟ್ಟಾನ. ಕೊಟ್ಟ ಕುರಿಗಿ ಯಾರರೆ ಹ್ಯಾಂಗಿದ್ದಿ ಅಂತ ಕೇಳ್ತಾರೇನ?"

ಆಮೇಲೆ ಒಂದು ಏಟಿನ ಸದ್ದು. ತಾಟು ಉರುಳಿದ ಸದ್ದು. "ಬ್ಯಾಡ್ರಿ, ಬ್ಯಾಡ್ರಿ" ಎಂಬ ಅಕ್ಕನ ದನಿ.

ಕತ್ತರಿಗಳು ನಿಂತಿದ್ದವು. ಅರ್ಧ ಬೋಳಾದ ಕುರಿಯೊಂದು ಎದ್ದು ಹೋದರೂ ಯಾರೂ ಹಿಡಿಯಲಿಲ್ಲ. ಭಾವ ಎದ್ದು ಫೋನಿನ ಕಡೆ ಬಂದ. ಅವನಿಗಿಂತ ಮೊದಲು ಅವ್ವ ಬುಟ್ಟಿಯ ಮುಂದೆ ನಿಂತಿದ್ದಳು. ನನ್ನ ತಟ್ಟೆಗೆ ಸೌಟು ಕುಟ್ಟಿದ ಅದೇ ಕೈಯಲ್ಲಿ ಈಗ ಕುರಿ ಹೊಡೆಯುವ ಕೋಲು ಇತ್ತು.

"ಗಂಡ ಹೆಂಡ್ತಿ ಅಂದಮ್ಯಾಲ ಇದ್ದಿದ್ದೇರಿ ಮಾವಾರ," ಎಂದ ಭಾವ. ನಗಲು ನೋಡಿದ. "ಎಲ್ಲಾರ ಮನ್ಯಾಗ ಆಗೋದೇ."

ಅಪ್ಪ ಕುಂಚವನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ತೊಳೆಯುತ್ತಿದ್ದ. ನೀರು ಕೆಂಪಾಯಿತು. ತೊಳೆದು ಮುಗಿಸಿ ಎದ್ದ.

"ಕುರಿ ಕೊಟ್ಟಿದ್ದು ಖರೇ. ನಿಮ್ಮ ಕುರಿ ತುಂಬಿಕೋರಿ, ಒಯ್ಯಿರಿ. ಮಗಳನ್ನ ನಾ ಕೊಟ್ಟಿಲ್ಲ, ಕಳಸೀನಿ. ಬರ್ತಾಳೋ ಇಲ್ಲೋ ಅಕಿಗಿ ಕೇಳ್ರಿ."

ಭಾವ ಅಕ್ಕನನ್ನು ನೋಡಿದ. ಆ ನೋಟ ಎಂಥದೆಂದು ಅಷ್ಟು ಜನರಿಗೂ ಆವತ್ತು ಗೊತ್ತಾಯಿತು.

"ನಾ ಬರಲ್ಲ," ಎಂದಳು ಅಕ್ಕ.

ಟೆಂಪೋ ಹೊರಟಾಗ ಅದರಲ್ಲಿ ಇದ್ದ ಕುರಿಗಳ ಬೆನ್ನು ಖಾಲಿ ಇತ್ತು. ಆ ವರ್ಷ ಅವುಗಳಿಗೆ ನಮ್ಮ ಗುರುತು ಬೀಳಲಿಲ್ಲ.

ಅಕ್ಕನನ್ನು ನಾನು ನೌಬಾದದ ಕೋಣೆಗೆ ಕರೆತಂದೆ. ದವಾಖಾನೆಯ ಡಾಕ್ಟರಮ್ಮ ಅವಳನ್ನು ನೋಡಿ ಬರೆದುಕೊಟ್ಟರು. ಫೋಟೋಗಳನ್ನು ಅಕ್ಕ ಅವರಿಗೆ ತಾನೇ ತೆಗೆದು ತೋರಿಸಿದಳು, ನನ್ನನ್ನು ಹೊರಗೆ ಕೂರಿಸಿದಳು. ಆಮೇಲೆ ಭಾಲ್ಕಿಯಲ್ಲಿ ದೂರು ಕೊಟ್ಟಾಯಿತು. ಅಲ್ಲಿಯೂ ಹೆಣ್ಣು ಅಧಿಕಾರಿ ಬರುವವರೆಗೆ ಕಾದು ಕೂತಳು. ಇಷ್ಟಾದ ಮೇಲೆ ಭಾವನ ಕಡೆಯ ಹಿರಿಯರು ಕೂತು ಮಾತಾಡೋಣ ಎಂದು ಹೇಳಿ ಕಳಿಸಿದರು. ಭಾಲ್ಕಿಯ ಸಂಬಂಧಿಕರೊಬ್ಬರ ಮನೆಯ ಪಡಸಾಲೆ. ಜಮಖಾನೆಯ ಮೇಲೆ ಗಂಡಸರು, ಗೋಡೆಗೆ ಒರಗಿ ಅಪ್ಪ, ಬಾಗಿಲ ಹತ್ತಿರ ನಾವಿಬ್ಬರು.

ಭಾವ ಬಿಳಿ ಅಂಗಿಯಲ್ಲಿ ಬಂದಿದ್ದ. ಎಲ್ಲರ ಕಾಲು ಮುಟ್ಟಿದ. ಒಂದು ಸಲ ಕೈ ಎತ್ತಿದ್ದು ತಪ್ಪಾಯಿತು, ಸಿಟ್ಟಿನಲ್ಲಿ ಆಯಿತು ಎಂದು ತಣ್ಣಗೆ ಹೇಳಿದ. ಹಿರಿಯರ ತಲೆಗಳು ಅಲ್ಲಾಡಿದವು. ಅಕ್ಕ ಹೆದರಿದ್ದು ಇದಕ್ಕೇ. ಅವರಲ್ಲೊಬ್ಬರು ಮುಂದಕ್ಕೆ ಬಾಗಿ ನನ್ನ ಕಡೆ ಅಂಗೈ ಹಿಡಿದರು.

"ಭಾಳ ಫೋಟೋ ಅವ ಅಂತ ಹೇಳ್ತೀರಿ. ತಾ ಇಲ್ಲಿ ಫೋನು. ಏನೇನ ಅವ ನಾವ ಬಿ ನೋಡ್ತೇವಿ. ಖರೇ ಇದ್ರ ಮುಚ್ಚೋದ್ಯಾಕ?"

ನನ್ನ ಸಿಟ್ಟು ನೆತ್ತಿಗೇರಿತು. ನೋಡಲಿ, ಎಲ್ಲಾ ನೋಡಲಿ, ಬಾಯಿ ಮುಚ್ಚಲಿ ಎನ್ನಿಸಿತು. ಅಕ್ಕನ ಕಡೆ ತಿರುಗಲೂ ಇಲ್ಲ. ಫೋನು ತೆಗೆದು ಕೊಕ್ಕೆ ಎಳೆದೆ. ಫೋನು ಕೈಯಲ್ಲಿ ಗುರ್ ಎಂದು ನಡುಗಿತು. ಆತುರಕ್ಕೆ ತಪ್ಪಿರಬೇಕು ಎಂದು ಮತ್ತೆ ಎಳೆದೆ. ಮತ್ತೆ ನಡುಗಿತು. ಅಷ್ಟೂ ಗಂಡಸರು ನನ್ನ ಬೆರಳನ್ನೇ ನೋಡುತ್ತಿದ್ದರು. ಭಾವನ ತುಟಿಯ ತುದಿ ಸಣ್ಣಗೆ ಮೇಲೇರಿತು.

"ಅದು ಆಗಲ್ಲ ಬಿಡು," ಎಂದಳು ಅಕ್ಕ ಪಕ್ಕದಿಂದ, ಮೆಲ್ಲಗೆ. "ನಿನ್ನಿ ರಾತ್ರಿ ನಾ ಬದಲಿ ಮಾಡೀನಿ."

ಆಮೇಲೆ ಅವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಇವು ನನ್ನ ಮೈ ಫೋಟೋ ಅವರಿ. ನೋಡಬೇಕಾದವರು ನೋಡ್ಯಾರ. ಮುಂದ ಯಾರು ನೋಡಬೇಕೋ ಅವರ ಮುಂದ ನಾನೇ ತಗೀತೇನಿ. ಜಮಖಾನಿ ಮ್ಯಾಲ ಕೈಯಿಂದ ಕೈಗಿ ಹೋಗ್ಲಾಕ ಅಲ್ಲ."

ಆ ಹಿರಿಯರು ಅಕ್ಕನನ್ನು ಬಿಟ್ಟು ನನ್ನ ಮೇಲೆ ಬಂದರು.

"ಫೋನ್ ನಿಂದೇ ಅಲಾ? ನಿನಗ ತಗೀಲಾಕ ಬರಲ್ಲಾ?"

"ಬರಲ್ರಿ," ಎಂದೆ.

ಆ ಬೀಗದ ಬಗ್ಗೆ ನಾನು ನಾಲಿಗೆ ಜಾರದೆ ಹೇಳಿದ ಮೊದಲ ನಿಜ ಅದು. ಗೋಡೆಗೆ ಒರಗಿದ್ದ ಅಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಕೊಡವಿ, "ನಡೀರಿ ಇಬ್ರೂ" ಎಂದ. ನಾವು ಹೊರಗೆ ಬಂದೆವು. ಹಿಂದಿನಿಂದ ಯಾರೂ ಕರೆಯಲಿಲ್ಲ.

ಸ್ಟ್ಯಾಂಡಿನಲ್ಲಿ ಅಪ್ಪ ಔರಾದ್ ಕಡೆಯ ಬಸ್ಸು ಹತ್ತಿದ. ನಾವು ಬೀದರಿನದು ಹತ್ತಿದೆವು. ಅಕ್ಕ ಕಿಟಕಿ ಹತ್ತಿರ ಕೂತು ಕುಪ್ಪಸದ ತೋಳನ್ನು ಮೊಣಕೈವರೆಗೆ ಮಡಚಿದಳು. ಗುರುತುಗಳು ಹಳದಿಗೆ ತಿರುಗಿ ಮಾಸುತ್ತಿದ್ದವು. ನನಗೆ ಒಳಗೊಳಗೇ ಸಣ್ಣ ಮುನಿಸು. ಇಷ್ಟು ದಿನ ಜೀವ ಕೈಯಲ್ಲಿ ಹಿಡಿದು ಕಾದವಳು ನಾನು, ನನ್ನದೇ ಫೋನು, ನನಗೇ ಬಾಗಿಲು ಇಲ್ಲ. ಆ ಪಡಸಾಲೆಯಲ್ಲಿ ನನ್ನ ಬೆರಳಿಗೆ ಅದು ತೆರೆದಿದ್ದರೆ ಏನಾಗುತ್ತಿತ್ತು ಎಂಬುದು ಆಮೇಲೆ ಹೊಳೆಯಿತು. ಆದರೂ ತಡೆಯಲಾಗಲಿಲ್ಲ.

"ಏನ ಇಟ್ಟೀ ಈಗ? ನನಗರೆ ಹೇಳು."

ಅಕ್ಕ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಕುರಿ ಮ್ಯಾಲ ಬರಿಯೋದು ಅಲ್ಲ," ಎಂದಳು. "ಅಷ್ಟ ತಿಳಕೋ."